ಸಾಲಿನ ಕೊನೆಯಲ್ಲಿ ನಿಂತವರು

ಪುತ್ತೂರು, ಸುಳ್ಯ ಕಡೆಯ ಮದುವೆಗಳಲ್ಲಿ ಊಟದ ಗಡಿಬಿಡಿಯ ನಡುವೆಯೂ ಒಂದು ಗ್ರೂಪ್ ಫೋಟೋ ಆಗಲೇಬೇಕು. ನಡುವೆ ಮದುಮಕ್ಕಳು, ಆಚೆ ಈಚೆ ಅಪ್ಪ ಅಮ್ಮ, ಆಮೇಲೆ ಸೋದರಮಾವ, ದೊಡ್ಡಪ್ಪ, ಚಿಕ್ಕಮ್ಮ, ಅವರ ಮಕ್ಕಳು. ಸಾಲು ಬೆಳೆಯುತ್ತ ಹೋಗುತ್ತದೆ, ಹಾಲ್ ಮಾತ್ರ ಇದ್ದಷ್ಟೇ ಇರುತ್ತದೆ. ಫೋಟೋಗ್ರಾಫರ್ ಹಿಂದೆ ಹಿಂದೆ ಸರಿದು, ಕೊನೆಗೆ ಬೆನ್ನಿಗೆ ಗೋಡೆ ತಾಗಿದಾಗ, ಬ್ಯಾಗಿನಿಂದ ‘ವೈಡ್’ ಲೆನ್ಸ್ ಹೊರಗೆ ತೆಗೆಯುತ್ತಾರೆ. ಇಡೀ ಬಳಗ ಒಂದೇ ಫ್ರೇಮಿನೊಳಗೆ ಬಂದುಬಿಡುತ್ತದೆ. ತಿಂಗಳು ಕಳೆದು ಆಲ್ಬಂ ಮನೆಗೆ ಬಂದಾಗ, ಸಾಲಿನ ಕೊನೆಯಲ್ಲಿ ನಿಂತಿದ್ದ ಚಿಕ್ಕಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಸರಿಮಾಡಿ ನೋಡಿ, ಕೇಳುತ್ತಾರೆ: “ಎಂಥ ಮಾರಾಯ್ರೆ, ನಾನು ಇಷ್ಟು ದಪ್ಪ ಉಂಟಾ?”

ಇಲ್ಲ. ಚಿಕ್ಕಮ್ಮನ ದೂರು ನ್ಯಾಯವಾದದ್ದೇ, ಅದಕ್ಕೆ ಲೆಕ್ಕದ ಆಧಾರವೂ ಉಂಟು. ಫುಲ್‌ಫ್ರೇಮ್ ಕ್ಯಾಮೆರಾದ ಸೆನ್ಸರ್ 36 ಮಿಲಿಮೀಟರ್ ಅಗಲ. ಅದಕ್ಕೆ 35 ಮಿ.ಮೀ. ಲೆನ್ಸ್ ಹಾಕಿದರೆ ಫ್ರೇಮಿನ ಅಂಚಿನಲ್ಲಿ ನಿಂತವರು ಎಂಟರಲ್ಲೊಂದು ಪಾಲು ಅಗಲವಾಗುತ್ತಾರೆ. 24 ಮಿ.ಮೀ.ಯಲ್ಲಿ ನಾಲ್ಕರಲ್ಲೊಂದು ಪಾಲು. 16 ಮಿ.ಮೀ. ಹಾಕಿದರೆ ಒಂದೂವರೆ ಪಟ್ಟು! ಸಂಜೆಯ ಓರೆ ಬಿಸಿಲಿಗೆ ಅಂಗಳದ ತುಳಸಿಕಟ್ಟೆಯ ನೆರಳು ಉದ್ದವಾಗುತ್ತದಲ್ಲ, ಅದೇ ಸಂಗತಿ. ಅಂಚಿನ ಬೆಳಕು ಚಪ್ಪಟೆ ಸೆನ್ಸರ್ ಮೇಲೆ ಓರೆಯಾಗಿ ಹರಡಿಕೊಳ್ಳುವುದರಿಂದ ಉರುಟಾದ ವಸ್ತುಗಳೆಲ್ಲ ಹೊರಮುಖವಾಗಿ ಹಿಗ್ಗುತ್ತವೆ. ತಮಾಷೆಯೆಂದರೆ, ಚಪ್ಪಟೆ ವಸ್ತುಗಳು ಕ್ಯಾಮೆರಾಕ್ಕೆ ನೇರ ಎದುರಾಗಿದ್ದರೆ ಅವಕ್ಕೆ ಏನೂ ಆಗುವುದಿಲ್ಲ. ಚಿಕ್ಕಮ್ಮನ ಪಕ್ಕದಲ್ಲೇ ವಧೂವರರ ಫೋಟೋ ಇರುವ ಫ್ಲೆಕ್ಸ್ ಕಟ್ಟಿದ್ದರೆ, ಅದರೊಳಗಿನ ಮುಖಗಳು ಅಚ್ಚಿನಲ್ಲಿದ್ದ ಹಾಗೆಯೇ ಬರುತ್ತವೆ. ದಪ್ಪವಾಗುವ ಶಿಕ್ಷೆ ಮೈ ಇದ್ದವರಿಗೆ ಮಾತ್ರ.

ಇನ್ನೊಂದು ವಿಚಿತ್ರವೆಂದರೆ ಇದು ಲೆನ್ಸಿನ ದೋಷವೇ ಅಲ್ಲ. ನೇರ ಗೆರೆಯನ್ನು ನೇರವಾಗಿಯೇ ತೋರಿಸಬೇಕೆಂಬ ನಿಯಮವನ್ನು ಲೆನ್ಸ್ ಅಕ್ಷರಶಃ ಪಾಲಿಸಿದ್ದರ ಫಲ. ದೋಷಗಳ ಕಥೆ ಬೇರೆಯೇ ಇದೆ.

ಆ ದೋಷಗಳಿಗೆ ಕನ್ನಡದ ಭೌತವಿಜ್ಞಾನ ಪಠ್ಯಗಳು ಕೊಟ್ಟ ಹೆಸರು ‘ವಿಪಥನ’. ದಾರಿ ಬಿಟ್ಟು ಹೋಗುವುದು. ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬರೆದ ಶಿವರಾಮ ಕಾರಂತರು ದಶಕಗಳ ಕಾಲ ಬಾಳಿದ ಪುತ್ತೂರಿನಲ್ಲಿ ಈ ಶಬ್ದ ಯಾರಿಗೂ ಭಾರವಾಗಬಾರದು. ಆದರೆ ಸ್ಟುಡಿಯೋದಲ್ಲಿ ಯಾರೂ ವಿಪಥನ ಎನ್ನುವುದಿಲ್ಲ. “ಕಾರ್ನರ್ ಎಳೆದಿದೆ,” “ಓಪನ್‌ನಲ್ಲಿ ಶಾರ್ಪ್ ಇಲ್ಲ,” “ಪರ್ಪಲ್ ಬರ್ತದೆ” ಎನ್ನುತ್ತಾರೆ. ಜರ್ಮನಿಯ ಲುಡ್ವಿಗ್ ಫಾನ್ ಸೈಡಲ್ 1857ರ ಹೊತ್ತಿಗೆ ಇವನ್ನೆಲ್ಲ ಗಣಿತಕ್ಕೆ ಒಗ್ಗಿಸಿ ಐದು ಬಗೆ ಎಂದು ವಿಂಗಡಿಸಿದ್ದ: ಗೋಳೀಯ ವಿಪಥನ, ಕೋಮಾ, ಆಸ್ಟಿಗ್ಮಾಟಿಸಂ, ಬಿಂಬತಲದ ಬಾಗು, ಆಕಾರದ ವಿರೂಪ. ಬಣ್ಣಗಳು ಬೇರೆ ಬೇರೆ ಕಡೆ ಕೂಡುವ ವರ್ಣವಿಪಥನ ಈ ಲೆಕ್ಕದ ಹೊರಗೆ ಆರನೆಯದು. ಪಂಚಪಾಂಡವರ ಜೊತೆ ಕರ್ಣ ಇದ್ದ ಹಾಗೆ.

ಇವುಗಳನ್ನು ನೋಡಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ, ಅಡಿಕೆ ತೋಟ ಸಾಕು. ಲೆನ್ಸ್ ಪರೀಕ್ಷಿಸುವವರು ಗೋಡೆಗೆ ಚೌಕಳಿ ಗೆರೆಗಳ ಚಾರ್ಟ್ ಅಂಟಿಸುತ್ತಾರೆ. ಸುಳ್ಯದ ಕೃಷಿಕನಿಗೆ ಆ ಚಾರ್ಟ್ ಮನೆಯ ಹಿಂದೆಯೇ ಬೆಳೆದು ನಿಂತಿದೆ. ಸಾಲು ಹಿಡಿದು ನೆಟ್ಟ ಮರಗಳು, ಕೊಂಬೆಯಿಲ್ಲ, ಮಣ್ಣಿನಿಂದ ಸೋಗೆಯವರೆಗೆ ಒಂದೇ ಗೆರೆ. ಕ್ಯಾಮೆರಾವನ್ನು ಮಟ್ಟವಾಗಿ ಹಿಡಿದು ತೆಗೆದ ಚಿತ್ರದಲ್ಲಿ ನಡುವಿನ ಮರ ನೇರವಾಗಿಯೂ ಅಂಚಿನ ಮರಗಳು ಆವರಣ ಚಿಹ್ನೆಗಳ ಹಾಗೆ ಹೊರಕ್ಕೆ ಉಬ್ಬಿಯೂ ಕಂಡರೆ ಅದು ವಿರೂಪ. ಕೆಲವು ವೈಡ್ ಲೆನ್ಸುಗಳಲ್ಲಿ ಗೆರೆ ನಡುವೆ ಒಂದು ಕಡೆ ಬಾಗಿ ತುದಿಗೆ ಹೋಗುವಾಗ ಇನ್ನೊಂದು ಕಡೆ ತಿರುಗುತ್ತದೆ. ಅದಕ್ಕೆ ಫೋಟೋಗ್ರಾಫರುಗಳು ಇಟ್ಟ ಹೆಸರೇ ‘ಮೀಸೆ’. ಪರೀಕ್ಷೆಗೆ ಮರವನ್ನೇ ನೋಡಬೇಕು, ಕೊಯ್ಲಿನವರ ಕೈಯ ಕಾರ್ಬನ್ ಫೈಬರ್ ದೋಟಿಯನ್ನು ಅಲ್ಲ. ದೋಟಿ ತಾನಾಗಿಯೇ ಬಳುಕುತ್ತದೆ, ತಪ್ಪು ಯಾರದೆಂದು ಹೇಳುವುದು ಕಷ್ಟ.

ಅದೇ ತೋಟದಲ್ಲಿ ತಲೆಯೆತ್ತಿ ಸೋಗೆಯ ಸಂದಿನ ಬಿಳಿ ಆಕಾಶಕ್ಕೆ ಲೆನ್ಸ್ ತಿರುಗಿಸಿದರೆ ಕರ್ಣನೂ ಸಿಗುತ್ತಾನೆ. ಎಲೆಯಂಚಿನ ಒಂದು ಬದಿಗೆ ನೇರಳೆ, ಇನ್ನೊಂದು ಬದಿಗೆ ಹಸಿರು ನೂಲು ಹೊಲಿದ ಹಾಗೆ.

ಹಾಗಾದರೆ ಈ ಕಿರಿಕಿರಿಯ ವೈಡ್, ಅದರಲ್ಲೂ ಬಾಯಿ ದೊಡ್ಡದು ತೆರೆದು ಹೆಚ್ಚು ಬೆಳಕು ಒಳಗೆ ಬಿಡುವ ‘ಫಾಸ್ಟ್’ ವೈಡ್, ಯಾಕೆ ಬೇಕು? ಉತ್ತರ ಯಕ್ಷಗಾನದ ಚೌಕಿಯಲ್ಲಿದೆ. ಆಟದ ದಿನ ರಂಗಸ್ಥಳದ ಹಿಂದೆ ಕಟ್ಟಿದ ಆ ಇಕ್ಕಟ್ಟಿನ ಜಾಗದಲ್ಲಿ ಎರಡೂ ಬದಿಗೆ ಕಲಾವಿದರು ಪೆಟ್ಟಿಗೆ ತೆರೆದು ಕುಳಿತಿರುತ್ತಾರೆ. ಕೈಗನ್ನಡಿ, ಅರದಾಳ, ಇಂಗಳೀಕ, ಕಾಡಿಗೆ. ಬಣ್ಣದ ವೇಷದವರಿಗಂತೂ ಮುಖ ಬರೆದುಕೊಳ್ಳುವುದಕ್ಕೇ ಗಂಟೆಗಳು ಬೇಕು. ನಡುವೆ ಒಬ್ಬರು ನಡೆಯುವಷ್ಟೇ ದಾರಿ. ಮೇಲೆ ಒಂದೆರಡು ಬಲ್ಬು. ಹಿಂದೆ ಸರಿಯಲು ಜಾಗವಿಲ್ಲ, ಫ್ಲಾಶ್ ಹೊಡೆದರೆ ಬಣ್ಣ ಬರೆಯುವ ಕೈ ತಡೆಯುತ್ತದೆ. ಇಲ್ಲಿ 24 ಮಿ.ಮೀ. ಲೆನ್ಸ್ ಮೂಲೆಯಿಂದ ಮೂಲೆಗೆ 84 ಡಿಗ್ರಿ ನೋಡುತ್ತದೆ, ಅಂದರೆ ಎರಡೂ ಸಾಲು ಒಟ್ಟಿಗೆ. ಅಪರ್ಚರ್, ಅಂದರೆ ಬೆಳಕಿನ ಬಾಯಿ, ಎಫ್ 1.4 ಇದ್ದರೆ ಎಫ್ 4ರ ಲೆನ್ಸಿಗಿಂತ ಎಂಟು ಪಟ್ಟು ಬೆಳಕು ಒಳಗೆ ಬರುತ್ತದೆ. ಒಂದು ಸೆಕೆಂಡಿನ 125ರಲ್ಲೊಂದು ಪಾಲಿನಲ್ಲಿ ತೆಗೆಯಬಹುದಾದ ಚಿತ್ರಕ್ಕೆ ಎಫ್ 4ರಲ್ಲಿ 15ರಲ್ಲೊಂದು ಪಾಲು ಹಿಡಿಯುತ್ತದೆ. ಅಷ್ಟರೊಳಗೆ ಹುಬ್ಬಿನ ಮೇಲಿನ ಕಡ್ಡಿ ಅಲುಗಿ ಗೆರೆ ಮಸಕಾಗಿರುತ್ತದೆ.

ಮದುವೆ ಹಾಲಿನಲ್ಲಿ ತಕರಾರು ತಂದ ಗುಣ ಚೌಕಿಯಲ್ಲಿ ಮೆಚ್ಚುಗೆ ಪಡೆಯುವುದು ಇನ್ನೊಂದು ತಮಾಷೆ. ಫ್ರೇಮಿನ ಅಂಚಿನಲ್ಲಿ ಕುಳಿತ ಬಣ್ಣದ ವೇಷದ ಕಿರೀಟ ಒಂದೂಕಾಲು ಪಟ್ಟು ಅಗಲವಾಗಿ ಬಂದರೆ ಯಾರೂ “ಎಂಥ ಮಾರಾಯ್ರೆ” ಎನ್ನುವುದಿಲ್ಲ. ಮಹಿಷಾಸುರ ಇನ್ನಷ್ಟು ಮಹಿಷಾಸುರನಾಗುತ್ತಾನೆ, ಅಷ್ಟೆ. ಮೂಲೆ ಕತ್ತಲಾಗುವುದೂ ಒಪ್ಪುತ್ತದೆ. ಓರೆಯಾಗಿ ಬರುವ ಬೆಳಕು ಕೋನದ ಕೊಸೈನಿನ ನಾಲ್ಕನೇ ಘಾತದ ಲೆಕ್ಕದಲ್ಲಿ ಕುಂದುತ್ತದೆ ಎಂಬುದು ಹಳೆಯ ಸೂತ್ರ. ಆ ಪ್ರಕಾರ 24 ಮಿ.ಮೀ. ಲೆನ್ಸಿನ ಮೂಲೆಗೆ ನಡುವಿನ ಬೆಳಕಿನ ಶೇಕಡಾ 30 ಮಾತ್ರ ತಲುಪಬೇಕು. ವಿನ್ಯಾಸಕಾರರು ಉಪಾಯ ಮಾಡಿ ಇದನ್ನು ಒಂದಿಷ್ಟು ಸುಧಾರಿಸುತ್ತಾರೆ, ಉಳಿದದ್ದನ್ನು ಸಾಫ್ಟ್‌ವೇರ್ ತುಂಬುತ್ತದೆ. ಚೌಕಿಯ ಚಿತ್ರ ತೆಗೆದವರು ಮಾತ್ರ ಎಷ್ಟೋ ಸಲ ಆ ತಿದ್ದುಪಡಿಯನ್ನು ಬಂದ್ ಮಾಡಿಬಿಡುತ್ತಾರೆ. ನಾಲ್ಕು ಮೂಲೆ ಕಪ್ಪಾದರೆ ನಡುವಿನ ಬಲ್ಬಿನಡಿಯ ಮುಖ ಇನ್ನೂ ಹೊಳೆಯುತ್ತದೆ.

ಲೆನ್ಸ್ ನಿಜವಾಗಿ ಸಿಕ್ಕಿಬೀಳುವುದು ಏಪ್ರಿಲ್ 17ರ ರಾತ್ರಿ. ಪುತ್ತೂರು ಮಹಾಲಿಂಗೇಶ್ವರ ದೇವರ ಬ್ರಹ್ಮರಥೋತ್ಸವ. ದೇವರಮಾರು ಗದ್ದೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ರಥದ ಮೇಲೆ ದೀಪ, ಮರಗಳಿಗೆ ದೀಪ, ಅಂಗಡಿ ಸಾಲಿಗೆ ದೀಪ, ಮೇಲೆ ಊರು ನಡುಗಿಸುವ ಸಿಡಿಮದ್ದು, ಅಂದರೆ ‘ಪುತ್ತೂರು ಬೆಡಿ’. ಟ್ರೈಪಾಡ್ ಬಿಡಿಸಲು ಹೋದರೆ ಅದರ ಮೂರು ಕಾಲಿಗೆ ಮೂರು ಮಂದಿ ಎಡವುತ್ತಾರೆ. ಹಾಗಾಗಿ ಕ್ಯಾಮೆರಾ ತಲೆಯ ಮೇಲೆತ್ತಿ, ಅಪರ್ಚರ್ ಪೂರ್ತಿ ತೆರೆದು, ವೈಡ್‌ನಲ್ಲಿ ಒಂದು ಹೊಡೆತ. ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದರೆ, ನಡುವಿನ ದೀಪ ದೀಪದ ಹಾಗೆಯೇ ಇದೆ. ಮೂಲೆಯ ದೀಪಗಳಿಗೆ ರೆಕ್ಕೆ ಬಂದಿದೆ! ನಾಲ್ಕೂ ಮೂಲೆಯಿಂದ ಬೆಳ್ಳಕ್ಕಿಗಳು ರಥದ ಕಡೆಗೆ ಹಾರಿಬಂದ ಹಾಗೆ.

ಇದೇ ಕೋಮಾ. ಆಸ್ಪತ್ರೆಯ ಕೋಮಾಕ್ಕೂ ಇದಕ್ಕೂ ಸಂಬಂಧವಿಲ್ಲ. ಅದು ಗಾಢ ನಿದ್ದೆ ಎಂಬ ಗ್ರೀಕ್ ಶಬ್ದದಿಂದ, ಇದು ಕೂದಲು ಎಂಬ ಗ್ರೀಕ್ ಶಬ್ದದಿಂದ ಬಂದದ್ದು. ಕೂದಲು ಬಿಚ್ಚಿಕೊಂಡ ನಕ್ಷತ್ರ ಎಂದೇ ಬಾಲಚುಕ್ಕಿಗೂ ಅದೇ ಮೂಲದ ಹೆಸರು. ಅಂಚಿನಲ್ಲಿರುವ ಒಂದು ದೀಪದಿಂದ ಹೊರಟ ಕಿರಣಗಳಲ್ಲಿ ಲೆನ್ಸಿನ ನಡುವಿನಿಂದ ಹಾದವು ಒಂದು ಕಡೆ ಕೂಡುತ್ತವೆ, ಲೆನ್ಸಿನ ದಡದಿಂದ ಹಾದವು ಸ್ವಲ್ಪ ಪಕ್ಕಕ್ಕೆ ಸರಿದು ದೊಡ್ಡ ಉಂಗುರವಾಗಿ ಬೀಳುತ್ತವೆ. ಉಂಗುರದ ಮೇಲೆ ಉಂಗುರ ಕೂತು ಬಾಲವಾಗುತ್ತದೆ. ಆಸ್ಟಿಗ್ಮಾಟಿಸಂ ಕೂಡಿಕೊಂಡರೆ ಬಾಲದ ಜೊತೆಗೆ ರೆಕ್ಕೆ. ಅಪರ್ಚರ್ ತೆರೆದಷ್ಟೂ ಲೆನ್ಸಿನ ದಡ ಕೆಲಸಕ್ಕಿಳಿಯುತ್ತದೆ, ವೈಡ್ ಆದಷ್ಟೂ ದೀಪಗಳು ಹೆಚ್ಚು ಓರೆಯಾಗುತ್ತವೆ. ಹಾಗಾಗಿ ಫಾಸ್ಟ್ ಮತ್ತು ವೈಡ್ ಎರಡೂ ಒಂದೇ ಲೆನ್ಸಿನಲ್ಲಿ ಬೇಕೆಂದವರಿಗೆ ಈ ಹಕ್ಕಿಗಳು ಕಟ್ಟಿಟ್ಟ ಬುತ್ತಿ.

ಬೆಡಿಗೂ ಲೆನ್ಸಿಗೂ ಹಳೆಯ ನಂಟೊಂದು ಉಂಟು. ತುಳುವಿನಲ್ಲಿ ಬೆಡಿ ಎಂದರೆ ಕೋವಿಯೂ ಹೌದು. ಲೆಕ್ಕ ಹಾಕಿ ಕಟ್ಟಿದ ಮೊದಲ ಫಾಸ್ಟ್ ಲೆನ್ಸ್ ಹುಟ್ಟಿದ್ದೇ ಗುಂಡು ಹಾರಿಸುವವರ ನೆರವಿನಿಂದ. ಡಾಗೆರ್ ತನ್ನ ಫೋಟೋ ವಿಧಾನವನ್ನು 1839ರಲ್ಲಿ ಜಗತ್ತಿಗೆ ತೋರಿಸಿದಾಗ ಲೆನ್ಸುಗಳು ಎಷ್ಟು ಮಂದವಾಗಿದ್ದವೆಂದರೆ ಮನುಷ್ಯರ ಮುಖ ತೆಗೆಯುವುದು ಶಿಕ್ಷೆಯೇ ಆಗಿತ್ತು. ವಿಯೆನ್ನಾದಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದ ಯೋಸೆಫ್ ಪೆಟ್ಸ್‌ವಾಲ್ ಮರುವರ್ಷವೇ, 1840ರಲ್ಲಿ, ಹತ್ತು ಪಟ್ಟಿಗೂ ಹೆಚ್ಚು ಬೆಳಕು ಕೊಡುವ ಲೆನ್ಸಿನ ವಿನ್ಯಾಸ ಮುಗಿಸಿದ. ಕೈಲೆಕ್ಕದ ಆ ರಾಶಿಯನ್ನು ಕರಗಿಸಲು ಅವನ ನೆರವಿಗೆ ಬಂದವರು ಆಸ್ಟ್ರಿಯದ ತೋಪುಪಡೆಯ ಸೈನಿಕರು. ಗುಂಡು ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕಿ ಪಳಗಿದವರಿಗೆ ಕಿರಣ ಎಲ್ಲಿ ಬೀಳುತ್ತದೆಂದು ಲೆಕ್ಕ ಹಾಕುವುದು ಪರಕೀಯವಾಗಿರಲಿಲ್ಲ. ಫಾಯ್ಕ್ಟ್‌ಲೆಂಡರ್ ಕಂಪೆನಿ ತಯಾರಿಸಿದ ಆ ಲೆನ್ಸಿನಲ್ಲಿ ನಡುವಿನ ಮುಖ ಚೂಪಾಗಿ ಬರುತ್ತಿತ್ತು. ಅಂಚು ಮಾತ್ರ ಕೈಕೊಡುತ್ತಿತ್ತು, ಯಾಕೆಂದರೆ ಬಿಂಬ ಕೂಡುವ ತಲ ಚಪ್ಪಟೆಯಾಗಿರದೆ ಬೋಗುಣಿಯ ಹಾಗೆ ಬಾಗಿತ್ತು. ಆ ಬಾಗನ್ನು ಅಳೆಯುವ ಮೊತ್ತಕ್ಕೆ ಇವತ್ತಿಗೂ ಪೆಟ್ಸ್‌ವಾಲನದೇ ಹೆಸರು.

ಹಳೆಯ ಮನೆಗಳ ಜಗಲಿಯಲ್ಲಿ ತೂಗುವ ಕಪ್ಪು ಬಿಳುಪು ಗ್ರೂಪ್ ಫೋಟೋಗಳಲ್ಲಿ ಕೆಲವೊಮ್ಮೆ ಕುರ್ಚಿಗಳು ಬಿಲ್ಲಿನ ಹಾಗೆ ಬಾಗಿ ಕೂತಿರುವುದನ್ನು ನೋಡಬಹುದು. ಎರಡು ತುದಿಯವರು ಕ್ಯಾಮೆರಾಕ್ಕೆ ಹತ್ತಿರ, ನಡುವಿನ ಯಜಮಾನರು ಸ್ವಲ್ಪ ಹಿಂದೆ. ಅಂದಕ್ಕೆಂದು ತೋರುವ ಆ ಏರ್ಪಾಡಿನ ಹಿಂದೆ ಹೀಗೊಂದು ಕಸುಬಿನ ಗುಟ್ಟು ಇತ್ತು. ಬಿಂಬತಲ ಬಾಗಿದ್ದರೆ ಜನರನ್ನೇ ಬಾಗಿಸಿ ಕೂರಿಸಿದರಾಯಿತು, ಎಲ್ಲರೂ ಫೋಕಸ್ಸಿಗೆ ಬರುತ್ತಾರೆ. ಲೆನ್ಸಿನ ತಪ್ಪನ್ನು ಮನೆಮಂದಿ ಹಂಚಿಕೊಂಡರು. ಇವತ್ತಿನ ವೈಡ್ ಹಿಡಿದು ಅದೇ ಬಿಲ್ಲು ಕಟ್ಟಿದರೆ ಅನಾಹುತ. ತುದಿಯವರು ಹತ್ತಿರ ಬಂದದ್ದಕ್ಕೆ ಒಮ್ಮೆ, ಅಂಚಿನಲ್ಲಿ ಹಿಗ್ಗಿದ್ದಕ್ಕೆ ಇನ್ನೊಮ್ಮೆ, ಎರಡೆರಡು ಸಲ ದೊಡ್ಡವರಾಗುತ್ತಾರೆ.

ಅಪರ್ಚರ್ ಇಳಿಸಿದರೆ ಎಲ್ಲ ಸರಿಹೋಗುವುದಿಲ್ಲವೇ ಎಂದು ಕೇಳಬಹುದು. ಕೆಲವು ಹೋಗುತ್ತವೆ, ಒಂದೊಂದು ಒಂದೊಂದು ವೇಗದಲ್ಲಿ. ಎಫ್ 1.4ರಿಂದ 2.8ಕ್ಕೆ ಇಳಿಸಿದಾಗ ಬೆಳಕಿನ ಬಾಯಿಯ ವ್ಯಾಸ ಅರ್ಧಕ್ಕಿಳಿಯುತ್ತದೆ. ಸೈಡಲ್‌ನ ಲೆಕ್ಕದಲ್ಲಿ ಗೋಳೀಯ ವಿಪಥನದ ಮಸುಕು ಎಂಟರಲ್ಲೊಂದಾಗುತ್ತದೆ, ಕೋಮಾ ನಾಲ್ಕರಲ್ಲೊಂದು, ಆಸ್ಟಿಗ್ಮಾಟಿಸಂ ಅರ್ಧ. ಬಾಗಿದ ಅಡಿಕೆ ಮರ ಮಾತ್ರ ಜಪ್ಪಯ್ಯ ಎಂದರೂ ನೇರವಾಗುವುದಿಲ್ಲ. ವಿರೂಪಕ್ಕೂ ಅಪರ್ಚರಿಗೂ ಸಂಬಂಧವೇ ಇಲ್ಲ. ಅದನ್ನು ಸಾಫ್ಟ್‌ವೇರ್ ಸರಿಪಡಿಸುತ್ತದೆ. 2008ರಲ್ಲಿ ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾಗಳು ಬಂದಂದಿನಿಂದ ಈ ತಿದ್ದುಪಡಿ ಕ್ಯಾಮೆರಾದೊಳಗೇ, ಕಣ್ಣಿಗೆ ಕಾಣುವ ಮೊದಲೇ ಆಗಿಹೋಗುತ್ತದೆ. ಕೋಮಾ ಹಾಗಲ್ಲ. ಹರಡಿಹೋದ ಬೆಳಕನ್ನು ಮತ್ತೆ ಚುಕ್ಕಿಗೆ ಮರಳಿಸುವುದೆಂದರೆ ಅಂಗಳಕ್ಕೆ ಚೆಲ್ಲಿದ ಎಣ್ಣೆಯನ್ನು ಕುಪ್ಪಿಗೆ ತುಂಬಿದ ಹಾಗೆ.

ಹಾಗಾಗಿ ಗಾಜಿನಲ್ಲೇ ತಿದ್ದಬೇಕು, ಆ ತಿದ್ದುಪಡಿಯ ಕಥೆ ದೊಡ್ಡದು. 1961ರ ಲೈಕಾ ಸುಮಿಲಕ್ಸ್ 35 ಮಿ.ಮೀ. ಎಫ್ 1.4 ಕೈಮುಷ್ಟಿಯಷ್ಟೂ ಇರಲಿಲ್ಲ. ಆದರೆ ಪೂರ್ತಿ ತೆರೆದಾಗ ದೀಪದ ಸುತ್ತ ಮಂಜು ಹರಡುತ್ತಿತ್ತು. ಅದನ್ನೇ ಚೆಂದ ಎಂದು ಹುಡುಕಿ ಕೊಳ್ಳುವವರು ಇವತ್ತಿಗೂ ಇದ್ದಾರೆ. ನಿಕಾನ್ 1977ರಲ್ಲಿ 58 ಮಿ.ಮೀ. ಎಫ್ 1.2ರ ನೋಕ್ಟ್ ತಂದದ್ದೇ ರಾತ್ರಿಯ ದೀಪಗಳಿಗೆ ರೆಕ್ಕೆ ಬರಬಾರದೆಂದು. ಅದರ ಮುಂದಿನ ಗಾಜಿನ ಮೈ ಚೆಂಡಿನ ಬಾಗನ್ನು ಬಿಟ್ಟು ಬೇರೆಯೇ ರೀತಿ ಬಾಗಿತ್ತು, ಅದನ್ನು ಕೈಯಿಂದ ಉಜ್ಜಿ ಮಾಡುತ್ತಿದ್ದರು. ವೈಡ್ ಲೆನ್ಸುಗಳಿಗೆ ಇನ್ನೊಂದು ತೊಡಕಿತ್ತು. ಎಸ್‌ಎಲ್‌ಆರ್ ಕ್ಯಾಮೆರಾದೊಳಗಿನ ಕನ್ನಡಿ ಮೇಲೇಳಲು ಜಾಗ ಬೇಕಾದ್ದರಿಂದ 24 ಮಿ.ಮೀ. ಲೆನ್ಸನ್ನು ಸೆನ್ಸರಿಗೆ 24 ಮಿ.ಮೀ. ಹತ್ತಿರ ತರುವಂತಿರಲಿಲ್ಲ. ನಿಕಾನಿನಲ್ಲಿ ಆ ಅಂತರ 46.5 ಮಿ.ಮೀ. ಅದಕ್ಕೆ 1950ರಲ್ಲಿ ಫ್ರಾನ್ಸಿನ ಆಂಜೆನ್ಯೂ ರೆಟ್ರೋಫೋಕಸ್ ಎಂಬ ಉಪಾಯದ ಲೆನ್ಸ್ ತಂದಿತು. ಮುಂದೆ ಬೆಳಕನ್ನು ಹರಡುವ ದೊಡ್ಡ ಗಾಜು, ಹಿಂದೆ ಅದನ್ನು ಕೂಡಿಸುವ ಗಾಜು. ಅಡಿಕೆ ಮರಕ್ಕೆ ಉಬ್ಬು ಬಂದದ್ದರಲ್ಲಿ ಈ ಉಪಾಯದ ಪಾಲೂ ಇದೆ. ಕನ್ನಡಿಯಿಲ್ಲದ ಇಂದಿನ ಕ್ಯಾಮೆರಾಗಳಲ್ಲಿ ಅಂತರ 16ರಿಂದ 20 ಮಿ.ಮೀ.ಗೆ ಇಳಿದಿದೆ. 2018ರ ಸೋನಿ 24 ಮಿ.ಮೀ. ಎಫ್ 1.4 ಲೆನ್ಸಿನ ತೂಕ ಬರೀ 445 ಗ್ರಾಂ. ಅದೇ ಎಫ್ 1.4 ಬೇಕು, ಇನ್ನೂ ಅಗಲ ಬೇಕು, ಮೂಲೆಯ ಚುಕ್ಕಿ ಚುಕ್ಕಿಯಾಗಿಯೇ ಇರಬೇಕು ಎಂದು ಹಟ ಹಿಡಿದರೆ 2023ರ ಸಿಗ್ಮಾ 14 ಮಿ.ಮೀ. ಆಗುತ್ತದೆ. ಅದು ಒಂದು ಕಿಲೋಗೂ ಮೇಲೆ, ಎರಡು ಸುಲಿದ ತೆಂಗಿನಕಾಯಿ ಕುತ್ತಿಗೆಗೆ ಕಟ್ಟಿಕೊಂಡ ಹಾಗೆ.

ಅಂಥ ಲೆನ್ಸ್ ಕೊಳ್ಳುವವರ ಕಣ್ಣು ಆಕಾಶದ ಮೇಲೆ. ಕಡಬ ತಾಲೂಕಿನ ಕುಕ್ಕೆ ಸುಬ್ರಹ್ಮಣ್ಯದ ಕಡೆ, 1712 ಮೀಟರ್ ಎತ್ತರದ ಕುಮಾರ ಪರ್ವತದ ತಪ್ಪಲಿನಲ್ಲಿ, ಪೇಟೆಯ ಬೆಳಕಿನಿಂದ ಒಂದಿಷ್ಟು ದೂರ ಹೋದರೆ ಆಕಾಶಗಂಗೆ ಬರಿಗಣ್ಣಿಗೇ ಸಿಗುತ್ತದೆ. ಭೂಮಿ ತಿರುಗುವುದರಿಂದ 24 ಮಿ.ಮೀ. ಲೆನ್ಸಿನಲ್ಲಿ 20 ಸೆಕೆಂಡಿಗಿಂತ ಹೆಚ್ಚು ಹೊತ್ತು ತೆರೆದಿಟ್ಟರೆ ನಕ್ಷತ್ರ ಗೆರೆಯಾಗುತ್ತದೆ. ಆದ್ದರಿಂದ ಎಫ್ 1.4ರ ಆಸೆ. ಆದರೆ ನಕ್ಷತ್ರದಷ್ಟು ನಿಷ್ಠುರ ಪರೀಕ್ಷಕ ಇನ್ನೊಬ್ಬನಿಲ್ಲ, ಚುಕ್ಕಿಯೆಂದರೆ ಚುಕ್ಕಿ. ತಮಾಷೆಯೆಂದರೆ ಆಕಾಶಗಂಗೆಯ ಹೊಳೆಯುವ ಭಾಗ ಸಂಜೆಯ ಹೊತ್ತಿಗೇ ನೆತ್ತಿಯ ಕಡೆ ಏರುವುದು ತುಳುವಿನ ಆಟಿ, ಸೋಣ ತಿಂಗಳುಗಳಲ್ಲಿ. ಆಗ ಇಲ್ಲಿ ಆಕಾಶವೇ ಇರುವುದಿಲ್ಲ, ಮಳೆ ಮಾತ್ರ. ಮಾರ್ಚ್, ಏಪ್ರಿಲಿನಲ್ಲಿ ಬೆಳಗಿನ ಜಾವ ಮೂರೂವರೆಗೆ ಎದ್ದು ಹೋದವರಿಗಷ್ಟೇ ಅದು ಒಲಿಯುತ್ತದೆ. ಮಳೆಗಾಲದ ನಾಲ್ಕು ತಿಂಗಳು ಲೆನ್ಸಿಗೆ ಬೇರೆಯೇ ಸಂಕಟ, ಗಾಜಿನ ಮೇಲೆ ಜೇಡನ ಬಲೆಯ ಹಾಗೆ ಹಬ್ಬುವ ಫಂಗಸ್. ಸೈಡಲ್‌ನ ಪಟ್ಟಿಯಲ್ಲಿ ಅದು ಇಲ್ಲ, ಅವನು ಸುಳ್ಯದಲ್ಲಿ ಆಟಿ ಕಳೆದವನಲ್ಲ. ಕಪಾಟಿನೊಳಗೆ ಸಣ್ಣ ಬಲ್ಬು ಉರಿಸಿ, ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಕ್ಕಳನ್ನು ಕಾದ ಹಾಗೆ ಕಾಯುತ್ತಾರೆ.

ಒಂದು ದೋಷವೂ ಇಲ್ಲದ ವೈಡ್ ಕ್ಯಾಮೆರಾ ಇಲ್ಲವೇ? ಉಂಟು, ಹಂಚಿನ ಮನೆಗಳಲ್ಲಿ ಪುಕ್ಕಟೆ ಸಿಗುತ್ತದೆ. ಒಡೆದ ಹಂಚಿನ ಸಣ್ಣ ತೂತಿನಿಂದ ಕತ್ತಲ ಕೋಣೆಯ ನೆಲಕ್ಕೆ ಬೀಳುವ ದುಂಡನೆಯ ಬಿಸಿಲು ತೂತಿನ ಆಕಾರದ್ದಲ್ಲ, ಸೂರ್ಯನ ಚಿತ್ರ. 2019ರ ಡಿಸೆಂಬರ್ 26ರ ಬೆಳಗ್ಗೆ ಕಾಸರಗೋಡಿನ ಚೆರುವತ್ತೂರಿನಲ್ಲಿ ಕಂಕಣ ಗ್ರಹಣ ಕಂಡಾಗ ಇಂಥ ತೂತುಗಳ ಕೆಳಗೆಲ್ಲ ಬಿಸಿಲು ಬಳೆಯಾಗಿತ್ತು. ಇದರಲ್ಲಿ ಗಾಜಿಲ್ಲ, ಹಾಗಾಗಿ ಕೋಮಾ ಇಲ್ಲ, ಬಣ್ಣದ ನೂಲಿಲ್ಲ, ಗೆರೆ ಬಾಗುವುದಿಲ್ಲ. ಇಲ್ಲದ್ದು ಬೆಳಕು. ಎಫ್ 200ರ ಒಂದು ತೂತಿನ ಕ್ಯಾಮೆರಾಕ್ಕೆ ಎಫ್ 1.4ರ ಲೆನ್ಸಿನ ಇಪ್ಪತ್ತು ಸಾವಿರದಲ್ಲೊಂದು ಪಾಲು ಬೆಳಕು. ಚೌಕಿಯ ಆ 125ರಲ್ಲೊಂದು ಸೆಕೆಂಡಿನ ಚಿತ್ರಕ್ಕೆ ಸುಮಾರು ಎರಡು ಮುಕ್ಕಾಲು ನಿಮಿಷ ಬೇಕಾದೀತು. ಅಷ್ಟು ಹೊತ್ತು ಮಹಿಷಾಸುರ ಅಲುಗದೆ ಕೂರುವುದೆಂದರೆ ಭಾಗವತರು ಕಾಯಬೇಕು.

ಇಷ್ಟೆಲ್ಲ ತಿಳಿದ ಫೋಟೋಗ್ರಾಫರ್ ಮುಂದಿನ ಮದುವೆಯಲ್ಲಿ ಮಾಡುವುದು ಬಹಳ ಸರಳ ಕೆಲಸ. ವೈಡ್ ಬ್ಯಾಗಿನಲ್ಲೇ ಉಳಿಯುತ್ತದೆ. ಬಳಗವನ್ನು ಅಂಗಳಕ್ಕೆ ಕರೆದು, ಮೂರು ಸಾಲು ಮಾಡಿ, 35 ಮಿ.ಮೀ. ಹಾಕಿ, ಅಪರ್ಚರ್ 5.6ಕ್ಕೆ ಇಳಿಸಿ, ಅಡುಗೆ ಚಪ್ಪರದ ಕಂಬ ಬೆನ್ನಿಗೆ ತಾಗುವವರೆಗೆ ಹಿಂದೆ ಹೋಗುತ್ತಾರೆ. ಅಲ್ಲಿಂದ ಕೂಗುತ್ತಾರೆ: “ಅಕ್ಕ, ನೀವು ತುದಿಗೆ ಬೇಡ, ನಡುವಿಗೆ ಬನ್ನಿ.” ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಮದುಮಗಳ ಹಿಂದೆ ಬಂದು ನಿಲ್ಲುತ್ತಾರೆ. ತುದಿಗೆ ಬೆಂಗಳೂರಿನಿಂದ ಬಂದ, ಕಡ್ಡಿಯಂತಿರುವ ಭಾವನ ಮಗ ಹೋಗುತ್ತಾನೆ. ಚಿಕ್ಕಮ್ಮ ಕುತ್ತಿಗೆ ಉದ್ದ ಮಾಡಿ ಒಮ್ಮೆ ಆ ಕಡೆ ನೋಡಿ ಹೇಳುತ್ತಾರೆ, “ಅವ ಅಲ್ಲಿಯೇ ಇರಲಿ. ಫೋಟೋದಲ್ಲಾದರೂ ಸ್ವಲ್ಪ ಮೈ ಬರಲಿ.”